ಮನಸ್ಸಿಗೂ ಜ್ವರ ಬರುತ್ತದೆ

ನಮ್ಮ ಜನಕಪುರಿಯ ಕನ್ನಡಿಗರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಸಂಜೆಯೊಳಗೆ ಸುದ್ದಿ ನಾಲ್ಕು ಬ್ಲಾಕುಗಳಿಗೂ ಮುಟ್ಟುತ್ತದೆ. ಒಬ್ಬರು ಮೆಣಸಿನ ಸಾರು ಕಳಿಸುತ್ತಾರೆ, ಇನ್ನೊಬ್ಬರು ಗಂಜಿ ತರುತ್ತಾರೆ, ಮತ್ತೊಬ್ಬರು ಒಳ್ಳೆಯ ಡಾಕ್ಟರ ವಿಳಾಸ ಹೇಳುತ್ತಾರೆ. ಊರು ಬಿಟ್ಟು ಬಂದವರಿಗೆ ಇದೇ ದೊಡ್ಡ ಬಲ. ಆದರೆ ಕಾಯಿಲೆ ಮನಸ್ಸಿನದಾದರೆ? ಆಗ ಮನೆಯ ಬಾಗಿಲು ಮುಚ್ಚುತ್ತದೆ. ಕೇಳಿದವರಿಗೆಲ್ಲ ಹೇಳಲು ಒಂದು ಸುಳ್ಳು ಸಿದ್ಧವಾಗುತ್ತದೆ. ಅಂತಹ ಸುಳ್ಳನ್ನು ನಾವೂ ನಾಲ್ಕು ತಿಂಗಳು ಹೇಳಿಕೊಂಡು ಬಂದೆವು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ನಮ್ಮ ತಮ್ಮ ಪದವಿ ಮುಗಿಸಿ ಹಾಸನದಿಂದ ಬಂದು ನಮ್ಮಲ್ಲಿಯೇ ಉಳಿದುಕೊಂಡಿದ್ದ. ಐ.ಎ.ಎಸ್. ಪರೀಕ್ಷೆಯ ತಯಾರಿಗೆಂದು ದಿನವೂ ಮೆಟ್ರೊ ಹಿಡಿದು ರಾಜೇಂದ್ರ ನಗರಕ್ಕೆ ಹೋಗಿಬರುತ್ತಿದ್ದ. 2023ರ ಮೊದಲ ಪ್ರಯತ್ನದಲ್ಲಿ ತೇರ್ಗಡೆಯಾಗಲಿಲ್ಲ. ಅದೇನು ಹೊಸದಲ್ಲ, ಲಕ್ಷಾಂತರ ಹುಡುಗರಿಗೆ ಆಗುವಂಥದೇ. ಆದರೆ ದಸರೆಯ ಹೊತ್ತಿಗೆ ಹುಡುಗ ಬೇರೆಯೇ ಆಗಿದ್ದ. ರಾತ್ರಿಯೆಲ್ಲ ಎಚ್ಚರ, ಹಗಲು ಹನ್ನೆರಡರವರೆಗೆ ಮುಸುಕು. ತಿಂಡಿಯ ತಟ್ಟೆ ಇಟ್ಟ ಹಾಗೆಯೇ ಹಿಂದಿರುಗುತ್ತಿತ್ತು. ಊರಿನಿಂದ ಅಮ್ಮ ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಿ" ಎನ್ನುತ್ತಿದ್ದ. ನಾವು ಅದಕ್ಕೆ ಸೋಮಾರಿತನವೆಂದು ಹೆಸರಿಟ್ಟೆವು. ಅಮ್ಮ ದೃಷ್ಟಿ ತಾಕಿದೆಯೆಂದು ಮಂತ್ರಾಲಯಕ್ಕೆ ಹರಕೆ ಹೊತ್ತರು. ಹಿರಿಯ ಬಂಧುಗಳೊಬ್ಬರು, ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ರಾಜ್ಯೋತ್ಸವದ ದಿನ "ತಮ್ಮ ಎಲ್ಲಿ?" ಎಂದು ಕೇಳಿದವರಿಗೆಲ್ಲ "ಓದಿನಲ್ಲಿ ಮುಳುಗಿದ್ದಾನೆ" ಎಂದೆವು.

2024ರ ಫೆಬ್ರವರಿಯ ಒಂದು ರಾತ್ರಿ ಮೂರು ಗಂಟೆಗೆ ನಮ್ಮ ಮನೆಯಾಕೆ ನಮ್ಮನ್ನು ಎಬ್ಬಿಸಿದಳು. ಹುಡುಗ ಹಾಸಿಗೆಯಲ್ಲಿರಲಿಲ್ಲ. ಆ ಚಳಿಯಲ್ಲಿ ಒಂದು ಅಂಗಿ ತೊಟ್ಟು ಮಹಡಿಯ ಮೇಲೆ ಕೂತಿದ್ದ. ನಾವು ಗದರಿಸಲು ಬಾಯಿ ತೆರೆದೆವು. ಆಕೆ ನಮ್ಮನ್ನು ತಡೆದು, ಅವನಿಗೆ ಶಾಲು ಹೊದಿಸಿ, ನೇರವಾಗಿಯೇ ಕೇಳಿದಳು: "ಏನಪ್ಪಾ, ಸಾಯಬೇಕು ಅಂತ ಅನ್ನಿಸ್ತಿದೆಯಾ?" "ಹೌದು ಅತ್ತಿಗೆ" ಎಂದವನು ಅತ್ತುಬಿಟ್ಟ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತು ಎಂಬ ಭಯ ನಮ್ಮದು. ಅದು ತಪ್ಪು ತಿಳಿವಳಿಕೆ, ಕೇಳುವುದರಿಂದ ಎದೆಯ ಭಾರ ಇಳಿಯುತ್ತದೆ ಎಂದು ಡಾಕ್ಟರು ಆಮೇಲೆ ತಿಳಿಸಿದರು. ಬೆಳಗಾಗುವವರೆಗೆ ಅವನನ್ನು ಒಂಟಿಯಾಗಿ ಬಿಡಲಿಲ್ಲ.

ಮರುದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯೊಂದರ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಇನ್ನೊಂದು ತೊಡಕು. ಡಾಕ್ಟರು ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ ಹುಡುಗ "ಠೀಕ್ ಹೂಂ" ಎಂದ. "ಬೇಜಾರು" ಎಂಬ ನಮ್ಮ ಮಾತನ್ನು ಹಿಂದಿಗೆ ಹೇಗೆ ತರುವುದು? ನಾವು "ಬೋರ್" ಎಂದುಬಿಟ್ಟೆವು! ಎರಡನೆಯ ಸಲ ಹೋಗುವ ಮುನ್ನ, ಬಾಯಲ್ಲಿ ಹೇಳಲಾಗದಿದ್ದರೆ ಬರೆದುಕೊಡು ಎಂದೆವು. ಕನ್ನಡದಲ್ಲಿ ಎರಡು ಪುಟ ಬರೆದ. ಕಚೇರಿಯ ಕಾಗದಗಳನ್ನು ಹಿಂದಿಗೂ ಇಂಗ್ಲಿಷಿಗೂ ತಿರುಗಿಸುವುದು ನಮಗೆ ದಿನದ ಕೆಲಸ. ಆದರೆ "ಅಣ್ಣನ ಮನೆಗೆ ನಾನೊಂದು ದಂಡದ ಖರ್ಚು" ಎಂಬ ಸಾಲನ್ನು ಹಿಂದಿಯಲ್ಲಿ ಹೇಳುವಾಗ ನಮ್ಮ ಗಂಟಲು ಕಟ್ಟಿತು. ಆ ಮಾತು ಕೋಪದಲ್ಲಿ ನಾವೇ ಒಂದು ದಿನ ಆಡಿದ್ದು.

ಇದು ಖಿನ್ನತೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಆಪ್ತಸಲಹೆಗೂ ಬರಹೇಳಿದರು. ಇಂತಹ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಚೇತರಿಸಿಕೊಂಡ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು, ನಾವಾಗಿ ನಿಲ್ಲಿಸಬಾರದು. ಅರ್ಧದಲ್ಲಿ ಬಿಟ್ಟು "ಔಷಧ ಕೆಲಸ ಮಾಡಲಿಲ್ಲ" ಎನ್ನುವವರು ಬಹಳ ಮಂದಿ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 13ರಿಂದ 17 ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 10. ಖಿನ್ನತೆ, ಆತಂಕದಂತಹ ಸಾಮಾನ್ಯ ಕಾಯಿಲೆಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಇದು ಸೋಜಿಗವೇ ಸರಿ. ಏಕೆಂದರೆ ಈ ವಿದ್ಯೆಯಲ್ಲಿ ಕನ್ನಡನಾಡು ಹಿಂದೆ ಬಿದ್ದುದಲ್ಲ. 1954ರಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. 'ಕೊರವಂಜಿ'ಯಿಂದ ನಾಡನ್ನೆಲ್ಲ ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಮುಂಬಯಿಗೆ ಬಂದಿದ್ದ ತಾಯಿಯೇ ಮಗಳ ಅಳುವಿನ ಹಿಂದೆ ಕಾಯಿಲೆಯಿರಬಹುದೆಂದು ಮೊದಲು ಗುರುತಿಸಿದರಂತೆ. ಮನೆಯವರ ಕಣ್ಣು ಎಷ್ಟು ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನೆರವು ಎಲ್ಲಿದೆ? ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಸೇವೆಯನ್ನು ಆರಂಭಿಸಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು; ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ದೆಹಲಿಯಲ್ಲಿ ದಿಲ್ಶಾದ್ ಗಾರ್ಡನ್ನಿನ 'ಇಹಬಾಸ್' ಸಂಸ್ಥೆಯುಂಟು. ನಮ್ಮಲ್ಲಿಂದ ರಾಜೀವ್ ಚೌಕ, ಕಶ್ಮೀರಿ ಗೇಟುಗಳಲ್ಲಿ ಮೆಟ್ರೊ ಬದಲಾಯಿಸಿ ಹೋಗಬಹುದು. ಏಮ್ಸ್‌ನಲ್ಲಿಯೂ ಮನೋರೋಗ ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಹೇಳಿದೆ. ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯಂತೆಯೇ ಕಾಣಬೇಕೆಂದಿದೆ.

ಸಂಘದ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಡಾಕ್ಟರ ಮುಂದೆ ಕನ್ನಡದ ನೋವನ್ನು ಹಿಂದಿಯಲ್ಲಿ ಹೇಳಬಲ್ಲ ನಾಲ್ಕೈದು ಮಂದಿ ನಮ್ಮಲ್ಲಿ ಮುಂದೆ ಬರಬಾರದೆ? ಕೆಲವು ಮಕ್ಕಳಿಗೆ ಮನೆಯವರ ಮುಂದೆ ಬಾಯಿ ಬಾರದು. ಜೊತೆಗೆ ಹೋದವರು ಕೇಳಿದ್ದನ್ನು ಅಲ್ಲಿಯೇ ಬಿಟ್ಟು ಬರುವಂಥವರಾಗಿದ್ದರೆ ಸಾಕು. ಹಾಗೆಯೇ ಹಬ್ಬದ ಊಟದ ಪಂಕ್ತಿಯಲ್ಲಿ ಮಕ್ಕಳನ್ನು "ಎಷ್ಟು ಮಾರ್ಕ್ಸ್ ಬಂತು?" ಎಂದು ಕೇಳುವುದನ್ನು ಬಿಟ್ಟು "ಚೆನ್ನಾಗಿ ನಿದ್ದೆ ಮಾಡುತ್ತೀಯಾ?" ಎಂದು ಕೇಳೋಣ.

ಈ ಲೇಖನವನ್ನು ತಮ್ಮನ ಒಪ್ಪಿಗೆ ಪಡೆದೇ ಕಳಿಸುತ್ತಿದ್ದೇವೆ. ಓದಿ ನೋಡಿ, "ಪೂರ್ತಿ ಗುಣವಾಯಿತು" ಎಂದು ನಾವು ಬರೆದಿದ್ದುದನ್ನು ಹೊಡೆದುಹಾಕಿ, "ಗುಣವಾಗುತ್ತಿದೆ" ಎಂದು ತಿದ್ದಿದ. ಅವನ ಮಾತೇ ಸರಿ. ಮುಂದಿನ ರಾಜ್ಯೋತ್ಸವಕ್ಕೆ ಅವನೂ ಬರುತ್ತಾನೆ. ಹೇಗಿದ್ದೀಯೆಂದು ಅವನನ್ನೇ ಕೇಳಿ. ಇನ್ನು ನಮ್ಮ ಬಳಿ ಸುಳ್ಳಿಲ್ಲ.