ಕೈಬರಹದ ಪಹಣಿ ರದ್ದಾದ ಮೇಲೆ

ರಾಜ್ಯ ಸರ್ಕಾರವೊಂದು ಮಾಹಿತಿ ತಂತ್ರಜ್ಞಾನವನ್ನು ಅಳವಡಿಸಿಕೊಂಡಿತೆಂದು ಹೇಳುವಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಕೊಂಡ ಕಂಪ್ಯೂಟರುಗಳು, ತೆರೆದ ಜಾಲತಾಣಗಳು ಮತ್ತು ಮಾಡಿದ ಖರ್ಚು. ಆಡಳಿತದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಹಳೆಯ ಕಡತದ ಮಾನ್ಯತೆಯನ್ನು ಯಾವಾಗ, ಯಾವ ಆದೇಶದಿಂದ ಕೊನೆಗೊಳಿಸಲಾಯಿತು, ಮತ್ತು ಹೊಸ ದಾಖಲೆಯನ್ನು ತಿದ್ದುವ ಅಧಿಕಾರ ಆಮೇಲೆ ಯಾರ ಕೈಗೆ ಹೋಯಿತು? ಕರ್ನಾಟಕದ ಕಂದಾಯ ಇಲಾಖೆಯ 'ಭೂಮಿ' ಯೋಜನೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದರಿಂದಲೇ ಕಾಲು ಶತಮಾನದ ನಂತರವೂ ಚರ್ಚೆಗೆ ಯೋಗ್ಯವಾಗಿ ಉಳಿದಿದೆ.

ಪಹಣಿ ಎಂದು ರೈತರು ಕರೆಯುವ, ಕಚೇರಿಗಳಲ್ಲಿ ಆರ್‌ಟಿಸಿ ಎನ್ನುವ ಪತ್ರವು ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆಗಳಲ್ಲಿ ವಿಸ್ತೀರ್ಣ, ಖರಾಬು ಇವೆಲ್ಲ ಅದರಲ್ಲಿದ್ದರೂ ಜನರ ಕಣ್ಣು ಮೊದಲು ಹೋಗುವುದು ಸ್ವಾಧೀನದಾರನ ಹೆಸರಿರುವ 9ನೇ ಕಾಲಂ ಮತ್ತು ಸಾಲ ಹಾಗೂ ಇತರ ಋಣಭಾರಗಳಿರುವ 11ನೇ ಕಾಲಂಗಳ ಕಡೆಗೆ. ಬ್ಯಾಂಕಿನಲ್ಲಿ ಬೆಳೆಸಾಲ ಪಡೆಯಲು, ನ್ಯಾಯಾಲಯದಲ್ಲಿ ಸ್ವಾಧೀನ ತೋರಿಸಲು, ಪರಿಹಾರ ಕೇಳಲು ಬೇಕಾಗುವ ಈ ಪತ್ರದ ಮೂಲಪುಸ್ತಕ ಬಹುಕಾಲ ಗ್ರಾಮಲೆಕ್ಕಿಗನ ಬಳಿಯೇ ಇರುತ್ತಿತ್ತು. ವಂಶಪಾರಂಪರ್ಯ ಶಾನುಭೋಗಿಕೆ ರದ್ದಾಗಿ ಸಂಬಳದ ನೌಕರ ಬಂದರೂ, ಪುಸ್ತಕ ಯಾರಲ್ಲಿದೆಯೋ ಅವರ ಮನೆಬಾಗಿಲಿಗೆ ಅಲೆಯುವ ಪದ್ಧತಿ ತಪ್ಪಲಿಲ್ಲ. ಸರ್ಕಾರಿ ಜಮೀನಿನ ಸರ್ವೆ ನಂಬರಿನಲ್ಲಿ ಖಾಸಗಿ ಹೆಸರೊಂದು ನುಸುಳಿದರೆ ಅದನ್ನು ಪತ್ತೆಹಚ್ಚಲು ಮೇಲಧಿಕಾರಿಗಳ ಬಳಿ ಸುಲಭವಾದ ದಾರಿಯೂ ಇರಲಿಲ್ಲ.

ಗಣಕೀಕರಣದ ಮೊದಲ ಯತ್ನ ಸೋತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕೇಂದ್ರ ಸರ್ಕಾರ 1988-89ರಲ್ಲಿ ಆರಂಭಿಸಿದ ಭೂದಾಖಲೆಗಳ ಗಣಕೀಕರಣ ಯೋಜನೆಯಡಿ ಕರ್ನಾಟಕದಲ್ಲಿ ಮೊದಲು ಪ್ರಯೋಗ ನಡೆದದ್ದು ಗುಲ್ಬರ್ಗ ಜಿಲ್ಲೆಯಲ್ಲಿ. ಮುಂದೆ ರಾಜ್ಯದ ಇತರ ಜಿಲ್ಲೆಗಳಿಗೂ ಯೋಜನೆ ವಿಸ್ತರಿಸಿತು. ಆದರೆ ಯಂತ್ರವಿದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಖಾತೆ ಬದಲಾಗುತ್ತಿದ್ದದ್ದು ತಾಲ್ಲೂಕಿನಲ್ಲಿ. ತುಂಬಿಸಿದ ಮಾಹಿತಿ ಮುದ್ರಣವಾಗಿ ಬರುವಷ್ಟರಲ್ಲಿ ಹಳತಾಗುತ್ತಿತ್ತು, ಗ್ರಾಮಲೆಕ್ಕಿಗನ ಪುಸ್ತಕ ಮಾತ್ರ ಎಂದಿನಂತೆ ಮುಂದುವರಿಯುತ್ತಿತ್ತು. ದೇಶದಲ್ಲಿ ಮೊದಲಿಗೆ, 1997ರಲ್ಲೇ, ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ಹೆಗ್ಗಳಿಕೆ ಕರ್ನಾಟಕದ್ದಾದರೂ, ಆ ನೀತಿಯ ಗಮನ ಬೆಂಗಳೂರಿನ ಉದ್ಯಮದ ಮೇಲಿತ್ತೇ ಹೊರತು ತಹಶೀಲ್ದಾರರ ಕಚೇರಿಯ ಮೇಲಲ್ಲ.

ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಎಂದರೆ ಎನ್‌ಐಸಿ ರೂಪಿಸಿದ ತಂತ್ರಾಂಶದೊಡನೆ, ಶತಮಾನದ ತಿರುವಿನಲ್ಲಿ 'ಭೂಮಿ' ಆರಂಭವಾದಾಗ ಯಂತ್ರವನ್ನು ತಾಲ್ಲೂಕಿಗೇ ಒಯ್ಯಲಾಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಖಾಸಗಿ ಸಂಸ್ಥೆಗಳ ನೆರವಿನಿಂದ ಕನ್ನಡದಲ್ಲಿ ದಾಖಲಿಸಿ, ಮುದ್ರಿತ ಪ್ರತಿಗಳನ್ನು ಗ್ರಾಮಲೆಕ್ಕಿಗರಿಂದಲೇ ಪರಿಶೀಲಿಸಿ ಸಹಿ ಹಾಕಿಸಲಾಯಿತು. ಇಷ್ಟನ್ನು ಯಾವ ಸರ್ಕಾರ ಬೇಕಾದರೂ ಮಾಡಬಹುದಿತ್ತು. ನಿರ್ಣಾಯಕವಾದದ್ದು ಆಮೇಲಿನ ಹೆಜ್ಜೆ: ಕೆಲಸ ಮುಗಿದ ತಾಲ್ಲೂಕುಗಳಲ್ಲಿ ಒಂದೊಂದಾಗಿ, ಇನ್ನು ಮುಂದೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಅಧಿಸೂಚನೆ ಹೊರಟಿತು. ಎರಡೂ ಪದ್ಧತಿಗಳನ್ನು ಜೊತೆಜೊತೆಗೆ ನಡೆಸಿದ್ದರೆ ಹಳೆಯದೇ ಗೆಲ್ಲುತ್ತಿತ್ತು; ಸರ್ಕಾರಿ ಕಚೇರಿಯ ಒಳಗು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭೂಮಿ ಕೇಂದ್ರದ ಕಿಟಕಿಯ ವ್ಯವಸ್ಥೆಯೂ ಗಮನಾರ್ಹವಾಗಿತ್ತು. ಸಿಬ್ಬಂದಿಯ ಮುಂದಿನ ಪರದೆಯಲ್ಲದೆ ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯಿದ್ದು, ಒಳಗೆ ನಡೆಯುತ್ತಿರುವುದೆಲ್ಲ ಅವನಿಗೂ ಕಾಣುತ್ತಿತ್ತು. 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಗೆ, ಅಂದರೆ ಮ್ಯುಟೇಶನ್‌ಗೆ, ಅರ್ಜಿ ಬಿದ್ದಾಗ ಗಣಕಯಂತ್ರವೇ ಕ್ರಮಸಂಖ್ಯೆ ಕೊಟ್ಟು, ಮೊದಲು ಬಂದವರ ಕೆಲಸ ಮೊದಲು ಎಂಬ ನಿಯಮಕ್ಕೆ ಸಿಬ್ಬಂದಿಯನ್ನು ಕಟ್ಟಿಹಾಕುತ್ತಿತ್ತು. ನೋಟಿಸು ಹೊರಟು, ಕಾಯ್ದೆ ಹೇಳಿದ 30 ದಿನಗಳಲ್ಲಿ ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರ ಆದೇಶವನ್ನು ಸ್ಕ್ಯಾನ್ ಮಾಡಿ ಸೇರಿಸಿದ ಮೇಲಷ್ಟೇ ಹೊಸ ಹೆಸರು ಪಹಣಿಗೆ ಏರುತ್ತಿತ್ತು. ತಿದ್ದುವವರು ಬೆರಳಚ್ಚು ಕೊಟ್ಟು ಒಳಹೋಗಬೇಕಾದ್ದರಿಂದ ಯಾವ ನಮೂದನ್ನು ಯಾರು ಮಾಡಿದರೆಂಬುದು ಉಳಿಯುತ್ತಿತ್ತು. 'ನಾನು ಮಾಡಿದ್ದಲ್ಲ' ಎನ್ನುವ ಅವಕಾಶ ಅಲ್ಲಿಗೆ ಕಡಿಮೆಯಾಯಿತು.

ಯೋಜನೆಗೆ ಹೊಗಳಿಕೆಯ ಜೊತೆಗೆ ಟೀಕೆಯೂ ಬಂತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನದಲ್ಲಿ, ಹಳೆಯ ಪದ್ಧತಿಯಡಿ ಮೂರರಲ್ಲಿ ಎರಡು ಪಾಲು ಬಳಕೆದಾರರು ಲಂಚ ಕೊಟ್ಟಿದ್ದಾಗಿ ಹೇಳಿದರೆ, ಭೂಮಿ ಬಳಸಿದವರಲ್ಲಿ ಆ ಪ್ರಮಾಣ ಶೇ. 3ರಷ್ಟಿತ್ತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಪ್ರಬಂಧ ಇದಕ್ಕೆ ವ್ಯತಿರಿಕ್ತವಾಗಿ ವಾದಿಸಿತು: ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿದದ್ದರಿಂದ ಬೆಂಗಳೂರಿನ ಸುತ್ತಲಿನ ಸಣ್ಣ ಹಿಡುವಳಿದಾರರಿಗಿಂತ ದೊಡ್ಡ ಭೂವ್ಯವಹಾರದವರಿಗೆ ಅನುಕೂಲವಾಯಿತು, ಭ್ರಷ್ಟಾಚಾರ ಅಳಿಯದೆ ಮೇಲಿನ ಹಂತಕ್ಕೆ ಹೋಯಿತು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಪಹಣಿಯ ಪ್ರತಿ ಪಡೆಯುವುದು ಬೇರೆ, ಪಹಣಿಯಲ್ಲಿ ಹೆಸರು ಪಡೆಯುವುದು ಬೇರೆ. ಮೊದಲನೆಯದು ಕಿಟಕಿಯ ಕೆಲಸವಾದರೆ ಎರಡನೆಯದು ವಿವೇಚನಾಧಿಕಾರದ ಕೆಲಸ, ಮತ್ತು ವಿವೇಚನೆ ಇದ್ದಲ್ಲೆಲ್ಲ ಮಧ್ಯವರ್ತಿಗೂ ಜಾಗವಿರುತ್ತದೆ.

ಭೂಮಿಯೊಂದಿಗೆ ಕೆಲಸ ಮುಗಿಯಲೂ ಇಲ್ಲ. ಕ್ರಯಪತ್ರ ನೋಂದಣಿಯಾಗುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಉಪನೋಂದಣಾಧಿಕಾರಿಯ ಬಳಿ, 'ಕಾವೇರಿ' ತಂತ್ರಾಂಶದಲ್ಲಿ. ಅಳತೆ ಮತ್ತು ನಕ್ಷೆ ಸರ್ವೆ ಇಲಾಖೆಯವು, 'ಮೋಜಿಣಿ' ತಂತ್ರಾಂಶದಲ್ಲಿ. ಒಂದೇ ಜಮೀನಿನ ಮೂರು ಮುಖಗಳನ್ನು ಮೂರು ಇಲಾಖೆಗಳು ಪ್ರತ್ಯೇಕವಾಗಿ ಕಾಯುತ್ತಿದ್ದಷ್ಟು ಕಾಲ, ಎರಡು ಎಕರೆ ಪಹಣಿಯಲ್ಲಿ ಮೂರು ಎಕರೆ ಮಾರುವ ಚಮತ್ಕಾರ ಸಾಧ್ಯವಿತ್ತು. ಇವು ಪರಸ್ಪರ ಬೆಸೆದುಕೊಂಡ ಮೇಲೆ, ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವವರು ಮೊದಲೇ ಅಳತೆ ಮಾಡಿಸಿ '11-ಇ' ನಕ್ಷೆ ಪಡೆಯಬೇಕಾಯಿತು, ನೋಂದಣಿಯ ವಿವರ ತಾನಾಗಿಯೇ ತಾಲ್ಲೂಕು ಕಚೇರಿಗೆ ರವಾನೆಯಾಗತೊಡಗಿತು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಸಕಾಲ' ವ್ಯವಸ್ಥೆ ಸೇವೆಗಳಿಗೆ ಗಡುವು ಹಾಕಿ, ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. ಆ ಮೊತ್ತ ಯಾರನ್ನೂ ಹೆದರಿಸುವಂಥದ್ದಲ್ಲ, ಆದರೆ ತಡವನ್ನು ಎಣಿಸುವ ಕ್ರಮವೊಂದು ಬಂತು.

ವ್ಯವಸ್ಥೆಗಳು ಬೆಸೆದಷ್ಟೂ ಹಳೆಯ ಲೋಪಗಳು ಬಯಲಾಗುವುದು ಸಹಜ. ಒಂದು ಸರ್ವೆ ನಂಬರಿನಲ್ಲಿ 'ತಿಮ್ಮಪ್ಪ ಬಿನ್ ರಾಮಪ್ಪ', ಇನ್ನೊಂದರಲ್ಲಿ 'ಆರ್. ತಿಮ್ಮಯ್ಯ', ಆಧಾರ್ ಕಾರ್ಡಿನಲ್ಲಿ ಮೂರನೆಯ ರೂಪ; ಪುಸ್ತಕದ ಕಾಲದಲ್ಲಿ ಇವೆಲ್ಲ ಒಬ್ಬನೇ ಎಂದು ಗ್ರಾಮಲೆಕ್ಕಿಗನಿಗೆ ಗೊತ್ತಿತ್ತು, ಯಂತ್ರಕ್ಕೆ ಇವರು ಮೂವರು. ರೈತನ ಎಲ್ಲ ಜಮೀನುಗಳನ್ನು ಒಂದೇ ಗುರುತಿನ ಸಂಖ್ಯೆಯಡಿ ತರುವ 'ಫ್ರೂಟ್ಸ್' ವ್ಯವಸ್ಥೆಯಲ್ಲಿ ಇಂಥ ತೊಡಕುಗಳು ಎದ್ದುಕಾಣುತ್ತವೆ. ತೀರಿಹೋದ ತಂದೆ-ತಾತಂದಿರ ಹೆಸರಿನಲ್ಲೇ ಉಳಿದ ಖಾತೆಗಳು ಇನ್ನೊಂದು ದೊಡ್ಡ ರಾಶಿ. ವಾರಸುದಾರರು ಪೌತಿ ಖಾತೆ ಮಾಡಿಸಿಕೊಳ್ಳದ ಹೊರತು ಯಾವ ತಂತ್ರಾಂಶವೂ ಅವುಗಳನ್ನು ಸರಿಪಡಿಸಲಾರದು.

ನಿರ್ವಹಣೆಯ ಭಾರ ಎಲ್ಲಿ ಬೀಳುತ್ತದೆಂಬುದನ್ನು ಸರ್ಕಾರಗಳು ಯೋಜನೆ ರೂಪಿಸುವಾಗ ವಿರಳವಾಗಿ ಯೋಚಿಸುತ್ತವೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಹೆಸರು ಬದಲಾದ ಅದೇ ಗ್ರಾಮಲೆಕ್ಕಿಗರು, ಮುಷ್ಕರ ಹೂಡಿದಾಗ ಅವರ ಮುಖ್ಯ ದೂರುಗಳಲ್ಲಿ ಒಂದು, ಸರಿಯಾದ ಸಲಕರಣೆಯಿಲ್ಲದೆ ನಿಭಾಯಿಸಬೇಕಾದ ಮೊಬೈಲ್ ಆ್ಯಪ್‌ಗಳ ಒತ್ತಡ. ಪ್ರತಿ ಇಲಾಖೆ ತನ್ನದೊಂದು ಆ್ಯಪ್ ಮಾಡಿಸಿದರೆ ಮಾಹಿತಿ ತುಂಬುವ ಕೈ ಮಾತ್ರ ಹಳ್ಳಿಯಲ್ಲಿ ಒಂದೇ. ಅದೇ ವರ್ಷದ ಕೊನೆಯಿಂದ 2025ರ ಆರಂಭದವರೆಗೆ 'ಕಾವೇರಿ 2.0' ಮೇಲೆ ನಕಲಿ ಖಾತೆಗಳಿಂದ ಕೋರಿಕೆಗಳ ಪ್ರವಾಹ ಹರಿಸುವ ಸೈಬರ್ ದಾಳಿ ನಡೆದು, ರಾಜ್ಯದಾದ್ಯಂತ ನೋಂದಣಿ ಕೆಲಸಕ್ಕೆ ಪೆಟ್ಟು ಬಿತ್ತು. ಒಬ್ಬ ಗ್ರಾಮಲೆಕ್ಕಿಗ ರಜೆ ಹಾಕಿದರೆ ಒಂದೆರಡು ಹಳ್ಳಿಗಳ ಕೆಲಸ ನಿಲ್ಲುತ್ತಿದ್ದ ಕಾಲ ಹೋಗಿ, ಒಂದು ಸರ್ವರ್ ಸೋತರೆ ಎಲ್ಲ ಜಿಲ್ಲೆಗಳೂ ಕಾಯುವ ಕಾಲ ಬಂದಿದೆ.

ಕಾಗದವನ್ನೂ ಪೂರ್ತಿ ಬಿಟ್ಟುಕೊಡುವಂತಿಲ್ಲ. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಜೀರ್ಣವಾಗುತ್ತಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಉಳಿಸುವ 'ಭೂ ಸುರಕ್ಷಾ' ಯೋಜನೆ 2024ರಲ್ಲಿ ಆರಂಭವಾದದ್ದು, ವ್ಯಾಜ್ಯ ಬಂದಾಗ ನ್ಯಾಯಾಲಯಗಳು ಕೇಳುವುದು ಇಂದಿನ ಮುದ್ರಿತ ಪ್ರತಿಯನ್ನಷ್ಟೇ ಅಲ್ಲವೆಂಬ ಕಾರಣಕ್ಕೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಪ್ರಕರಣದ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಅಥವಾ ಹೊಸ ನಮೂದು ಬರುವವರೆಗೆ ಮಾತ್ರ ನಿಜವೆಂದು ಭಾವಿಸತಕ್ಕದ್ದು. ಗಣಕೀಕರಣ ಆ ಸಾಲನ್ನು ಬದಲಿಸಿಲ್ಲ. ಆದ್ದರಿಂದ ಜಮೀನು ಕೊಳ್ಳುವವರು ಮೊಬೈಲಿನಲ್ಲಿ ಕಂಡ ಪಹಣಿಯೊಂದನ್ನೇ ನಂಬಿ ಮುಂಗಡ ಕೊಡದೆ, ಮ್ಯುಟೇಶನ್ ಪ್ರತಿ, ಋಣಭಾರ ಪ್ರಮಾಣಪತ್ರ ಮತ್ತು ಸರ್ವೆ ನಕ್ಷೆಗಳನ್ನು ತರಿಸಿ ತಾಳೆ ನೋಡುವುದು ಈಗಲೂ ಅಗತ್ಯ.