ಧಾತುವಿನ ಮುಖ ನೋಡಿ ಬದಲಾಗುವ ಸ್ವಾಹಿಲಿ ಪ್ರತ್ಯಯ

‘ದಿ ಲಯನ್ ಕಿಂಗ್’ ಸಿನಿಮಾ ನೋಡಿದವರಿಗೆಲ್ಲ ಸ್ವಲ್ಪ ಸ್ವಾಹಿಲಿ ಗೊತ್ತಿದೆ ಅಂತಲೇ ಅರ್ಥ. ‘ಸಿಂಬಾ’ ಅಂದ್ರೆ ಸಿಂಹ, ‘ಹಕುನಾ ಮಟಾಟಾ’ ಅಂದ್ರೆ ಏನೂ ತೊಂದರೆ ಇಲ್ಲ. ಟಾಂಜಾನಿಯಾ, ಕೀನ್ಯಾಗಳಲ್ಲಿ ಎಲ್ಲೆಡೆ ಕೇಳಿಬರುವ ಈ ಭಾಷೆ ಬಾಂಟು ಕುಟುಂಬಕ್ಕೆ ಸೇರಿದ್ದು. ಇದರ ಒಂದು ನಿಯಮ ನೋಡಿದ ಕೂಡಲೇ ನಮಗೆ ಅನ್ನಿಸಿದ್ದು, ‘ಇದಕ್ಕೆ ಒಂದೇ ಇಫ್-ಎಲ್ಸ್ ಸಾಕು’ ಅಂತ. ನಾವು ಎಡವಿದ್ದೂ ಅಲ್ಲೇ.

ಮೊದಲು ನಮ್ಮ ಕನ್ನಡ ನೋಡೋಣ. ಮಾಡು–ಮಾಡಿಸು, ಓದು–ಓದಿಸು, ಕೇಳು–ಕೇಳಿಸು. ಧಾತುವಿನಲ್ಲಿ ಆ, ಓ, ಏ ಯಾವ ಸ್ವರ ಇದ್ದರೂ ‘ಇಸು’ ಬದಲಾಗಲ್ಲ. ಸ್ವಾಹಿಲಿಯೂ ಹೀಗೇ ಪ್ರತ್ಯಯ ಅಂಟಿಸುವ ಭಾಷೆ. ಆದರೆ ಅಲ್ಲಿ ಪ್ರತ್ಯಯದ ಸ್ವರ ಧಾತುವಿನ ಸ್ವರಕ್ಕೆ ಹೊಂದಿಕೊಳ್ಳುತ್ತೆ. ‘ಆಗುವಂತಿರು’ ಅಥವಾ ‘ಆಗಿಹೋಗು’ ಎಂಬ ಅರ್ಥ ಕೊಡುವ ‘ಇಕ್’ ಪ್ರತ್ಯಯ ನೋಡಿ (ಕೊನೆಯ ‘ಅ’ ಕ್ರಿಯಾಪದದ ಮಾಮೂಲಿ ಅಂತ್ಯ):

ಪಿಕ (ಅಡುಗೆ ಮಾಡು) – ಪಿಕಿಕ
ವುಂಜ (ಮುರಿ) – ವುಂಜಿಕ
ಕಟ (ಕತ್ತರಿಸು) – ಕಟಿಕ
ಸೆಮ (ಹೇಳು) – ಸೆಮೆಕ
ಸೊಮ (ಓದು) – ಸೊಮೆಕ

ಕೊನೆಯ ಎರಡರಲ್ಲಿ ‘ಇಕ್’ ಹೋಗಿ ‘ಎಕ್’ ಬಂತು. ಯಾಕೆ? ಇ, ಎ, ಆ ಅಂತ ನಿಧಾನಕ್ಕೆ ಹೇಳಿ ನೋಡಿ. ನಾಲಗೆ, ದವಡೆ ಎರಡೂ ಹಂತಹಂತವಾಗಿ ಕೆಳಗಿಳಿಯುತ್ತವೆ. ಇ, ಉ ಎತ್ತರದ ಸ್ವರಗಳು. ಎ, ಒ ನಡುವಿನವು. ಅ ಎಲ್ಲಕ್ಕಿಂತ ಕೆಳಗಿನದು. ಧಾತುವಿನಲ್ಲಿ ನಡುವಿನ ಸ್ವರ ಇದ್ದರೆ ಪ್ರತ್ಯಯದ ‘ಇ’ ಕೂಡ ನಡುವಿಗೆ ಇಳಿದು ‘ಎ’ ಆಗುತ್ತೆ. ಇದೇ ಸ್ವರಸಾಮರಸ್ಯ. ‘ಅ’ ಇನ್ನೂ ಕೆಳಗಿದ್ದರೂ ಪ್ರತ್ಯಯವನ್ನು ಎಳೆಯಲ್ಲ, ಅದಕ್ಕೇ ‘ಕಟಿಕ’. ಧಾತುವಿನ ಪ್ರಭಾವ ಮುಂದಕ್ಕೆ ಮಾತ್ರ: ‘ನಿನಸೊಮ’ (ನಾನು ಓದುತ್ತಿದ್ದೇನೆ) ಎಂಬಲ್ಲಿ ಮೊದಲಿನ ‘ನಿ’ ಹಾಗೇ ಉಳಿಯುತ್ತೆ.

ಇಲ್ಲಿಯವರೆಗೆ ನಮ್ಮ ಇಫ್-ಎಲ್ಸ್ ಸರಿಯಾಗೇ ಓಡಿತು. ಈಗ ಇನ್ನೊಂದು ಪ್ರತ್ಯಯ: ಮಾಡಿದ ಕೆಲಸವನ್ನು ತಿರುವುಮುರುವು ಮಾಡುವ ‘ಉ’.

ಫುಂಗ (ಮುಚ್ಚು) – ಫುಂಗು-ಅ (ತೆರೆ)
ಪಂಗ (ಜೋಡಿಸಿಡು) – ಪಂಗು-ಅ (ಜೋಡಣೆ ಕೆಡಿಸು)
ಚೊಮ (ಚುಚ್ಚು) – ಚೊಮೊ-ಅ (ಚುಚ್ಚಿದ್ದನ್ನು ಕೀಳು)

‘ಒ’ ಬಂದಾಗ ‘ಉ’ ಇಳಿದು ‘ಒ’ ಆಯ್ತು. ಹಾಗಾದರೆ ‘ಎ’ ಬಂದಾಗಲೂ ಹಾಗೇ ಆಗಬೇಕು, ಅಲ್ವಾ? ‘ತೆಗ’ ಅಂದ್ರೆ ಬೋನು ಒಡ್ಡು. ಅದರ ತಿರುವುಮುರುವು ‘ತೆಗೊ-ಅ’ ಅಂತ ನಾವು ಬರೆದ್ವಿ. ತಪ್ಪು! ಸ್ವಾಹಿಲಿಯವರು ಹೇಳೋದು ‘ತೆಗು-ಅ’.

ಅಂದರೆ ‘ಇ’ ಪ್ರತ್ಯಯ ಎ, ಒ ಎರಡಕ್ಕೂ ಬಗ್ಗುತ್ತೆ. ‘ಉ’ ಪ್ರತ್ಯಯ ‘ಒ’ಗೆ ಮಾತ್ರ. ಇದಕ್ಕೆ ಕೊಡುವ ಒಂದು ವಿವರಣೆ ತುಟಿಯದ್ದು. ಉ, ಒ ಹೇಳುವಾಗ ತುಟಿ ದುಂಡಗಾಗುತ್ತೆ, ಎ ಹೇಳುವಾಗ ಆಗಲ್ಲ. ‘ಉ’ ಕೆಳಗಿಳಿಯಬೇಕಾದರೆ ಎದುರಿನ ಸ್ವರ ನಡುವಿನದಾಗಿದ್ದರೆ ಸಾಲದು, ತುಟಿಯೂ ಹೊಂದಬೇಕು. ಸ್ವಾಹಿಲಿಯೊಂದರಲ್ಲೇ ಅಲ್ಲ, ಶೋನಾ, ಚಿಚೆವಾದಂಥ ಬೇರೆ ಬಾಂಟು ಭಾಷೆಗಳಲ್ಲೂ ಇದೇ ಅಸಮತೋಲನ ಕಾಣುತ್ತೆ.

ಸರ್ಚ್, ಸ್ಪೆಲ್ ಚೆಕರ್ ಮಾಡುವವರಿಗೆ ಇದು ತಲೆಹರಟೆಯ ವಿಷಯವಲ್ಲ. ‘ಇಕ್’ ಒಂದನ್ನೇ ಹುಡುಕುವ ಪ್ರೋಗ್ರಾಮ್‌ಗೆ ‘ಸೊಮೆಕ’ದಲ್ಲಿರುವ ‘ಸೊಮ’ ಸಿಗಲ್ಲ. ಎರಡೂ ಪ್ರತ್ಯಯಕ್ಕೆ ಒಂದೇ ಷರತ್ತು ಹಾಕಿದ ನಮ್ಮ ಪ್ರೋಗ್ರಾಮ್, ಭಾಷೆಯಲ್ಲಿ ಇಲ್ಲದ ಪದವನ್ನೇ ಹುಟ್ಟಿಸಿತ್ತು. ಮೂರು ಉದಾಹರಣೆ ಹೊಂದಿತು ಅಂತ ನಾವು ನಿಯಮ ಬರೆದುಬಿಟ್ಟಿದ್ವಿ, ‘ಎ’ ಇರುವ ಒಂದೇ ಒಂದು ಧಾತುವನ್ನು ಪರೀಕ್ಷಿಸಿರಲಿಲ್ಲ. ಅಲ್ಲಿನ ಮಕ್ಕಳು ಯಾವ ಪಾಠವೂ ಇಲ್ಲದೆ ಇದನ್ನು ಸರಿಯಾಗಿ ಹೇಳ್ತಾರೆ. ನಮಗೆ ಬೇಕಾಗಿದ್ದು ಎರಡನೇ ಇಫ್.