ಕ್ರೂಸ್ ಟಿಕೆಟ್: ದರದ ಒಳಗೇನು, ಹೊರಗೇನು?

ಮುಂಬೈಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಹೋಗೋ ಕಾರ್ಡೀಲಿಯಾ ಕ್ರೂಸ್ ಜಾಹೀರಾತು ನೋಡಿರ್ತೀರಿ. ದೊಡ್ಡಕ್ಷರದಲ್ಲಿ ಒಂದು ದರ. ಅದು ರೂಮಿಗಲ್ಲ, ಒಬ್ಬರಿಗೆ! ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರ್ತಾರೆ ಅನ್ನೋ ಲೆಕ್ಕದಲ್ಲಿ.

ಅದೇ ಕ್ಯಾಬಿನ್‌ಗೆ ಮೂರನೆಯವರಾಗಿ, ನಾಲ್ಕನೆಯವರಾಗಿ ಮಕ್ಕಳು ಬಂದರೆ ಸಾಮಾನ್ಯವಾಗಿ ದರ ಕಡಿಮೆ. ಒಮ್ಮೊಮ್ಮೆ ‘ಮಕ್ಕಳಿಗೆ ಫ್ರೀ’ ಅಂತಾನೂ ಹಾಕ್ತಾರೆ. ಫ್ರೀ ಆಗೋದು ಬರೀ ಟಿಕೆಟ್. ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಮಗುವಿನ ಹೆಸರಲ್ಲೂ ಬೀಳಬಹುದು. ಹಾಗಾಗಿ ಪೇಮೆಂಟ್ ಪುಟದ ಕೊನೆಯ ಮೊತ್ತ ನೋಡೋವರೆಗೂ ಮನೇಲಿ ಯಾರಿಗೂ ಮಾತು ಕೊಡಬೇಡಿ.

ಸರಿ, ಟಿಕೆಟ್‌ನಲ್ಲಿ ಏನೇನು ಬರುತ್ತೆ? ಕ್ಯಾಬಿನ್, ಮೂರು ಹೊತ್ತಿನ ಬುಫೆ ಊಟ, ಈಜುಕೊಳ, ಸಂಜೆಯ ಮನರಂಜನೆ. ಸಸ್ಯಾಹಾರ ಧಾರಾಳ, ಜೈನ ಅಡುಗೆಯೂ ಉಂಟು. ನನ್ನ ಮಟ್ಟಿಗೆ, ಕೊಟ್ಟ ದುಡ್ಡಿಗೆ ಬೆಲೆ ಸಿಗೋದು ಊಟದಲ್ಲೇ. ಇನ್ನು ಅಗ್ಗದ ಕ್ಯಾಬಿನ್ ಅಂದ್ರೆ ಒಳಗಿನದು. ಕಿಟಕಿ ಇರಲ್ಲ, ಸಮುದ್ರ ನೋಡೋಕೆ ಡೆಕ್‌ಗೇ ಹೋಗಬೇಕು.

ಮದ್ಯ, ಸ್ಪಾ, ಕ್ಯಾಸಿನೊ, ವೈಫೈ, ದಡಕ್ಕಿಳಿದು ಸುತ್ತಾಡೋ ಪ್ಯಾಕೇಜ್: ಎಲ್ಲಾ ಬೇರೆ. ಹಡಗಿನೊಳಗೆ ನೋಟು ಎಣಿಸೋದಿಲ್ಲ, ಹಡಗಿನದೇ ಕಾರ್ಡ್ ತೋರಿಸಿದರೆ ಸಾಕು. ಅದಕ್ಕೇ ಖರ್ಚು ಗೊತ್ತೇ ಆಗಲ್ಲ, ಕೊನೇಲಿ ಬಿಲ್ ಬರುತ್ತೆ. ಮಕ್ಕಳ ಕೈಗೆ ಕಾರ್ಡ್ ಕೊಡೋ ಮುಂಚೆ ಯೋಚಿಸಿ.

ಫೋನ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿಬಿಡಿ. ನಡುಗಡಲಲ್ಲಿ ಹಡಗಿನ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ ಜೋರಾಗೇ ಬರುತ್ತೆ.

ಬೆಂಗಳೂರು, ಹುಬ್ಬಳ್ಳಿ ಕಡೆಯವರು ಮುಂಬೈಗೆ ಹೋಗಿಬರೋ ಖರ್ಚನ್ನೂ ಒಟ್ಟು ಲೆಕ್ಕಕ್ಕೆ ಕೂಡಿಸಿ.